ಕತ್ತಿಯಿದ್ದವರಿಗೆ ಓಟು

ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನು ವಿದೇಶಕ್ಕೆ ಹೋಗಿಬಂದವರೆಲ್ಲ ಬರೆದಿದ್ದಾರೆ. ನಾನೂ ಮಾಡಿಕೊಂಡೆ, ಆ ವಿಷಯ ಇಷ್ಟು ಸಾಕು. ಹಿಮದ ಬೆಟ್ಟ, ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಹಸು, ಕಿಟಕಿಯಲ್ಲಿ ಕೆಂಪು ಹೂವು, ಇವೆಲ್ಲ ನಿಮ್ಮ ಮನೆಯ ಕ್ಯಾಲೆಂಡರಿನಲ್ಲೇ ಇವೆ. ನಿಜವಾಗಿಯೂ ಹಾಗೆಯೇ ಇರುತ್ತವೆ, ನಾನು ಅದರ ಮೇಲೆ ಹೆಚ್ಚು ಹೇಳಲಾರೆ. ಕ್ಯಾಲೆಂಡರಿನಲ್ಲಿ ಇಲ್ಲದ್ದು ಒಂದಿದೆ. ಅದು ನಾನು ಮೂರು ತಿಂಗಳು ಇದ್ದ ಬೆಟ್ಟದೂರಿನ ಬಟ್ಟೆ ಒಗೆಯುವ ಮನೆ. ಸ್ವಿಟ್ಜರ್ಲೆಂಡಿಗೆ ಹೋಗಿ ಬಟ್ಟೆ ಒಗೆದದ್ದನ್ನು ಬರೆಯುತ್ತೀಯಾ ಎಂದು ನನ್ನ ತಂಗಿ ನಗುತ್ತಾಳೆ. ನಗಲಿ.

ಊರ ಕಚೇರಿ

ನಮ್ಮವರು ಯಂತ್ರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಕೆಲಸ ಕಲಿತು ಬರಲೆಂದು ಕಾರ್ಖಾನೆಯವರು ಅವರನ್ನು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿದ್ದರು. ನಾನು ಜಯನಗರದಲ್ಲಿ ಮಿಡ್ಲ್ ಸ್ಕೂಲ್ ಟೀಚರು. ಬೇಸಿಗೆ ರಜೆಗೆ ಇನ್ನಷ್ಟು ರಜೆ ಅಂಟಿಸಿಕೊಂಡು, ಮಕ್ಕಳಿಬ್ಬರನ್ನು ಹನುಮಂತನಗರದ ತಂಗಿಯ ಮನೆಯಲ್ಲಿ ಬಿಟ್ಟು, ಕೊನೆಯ ಮೂರು ತಿಂಗಳಿಗೆ ಹೋಗಿ ಸೇರಿಕೊಂಡೆ. ಕಾರ್ಖಾನೆ ಇದ್ದದ್ದು ಸರೋವರದ ದಂಡೆಯ ಪಟ್ಟಣದಲ್ಲಿ. ಅಲ್ಲಿ ಇಬ್ಬರಿಗಾಗುವ ಮನೆ ಸಿಗದೆ ಅವರು, ನಾನು ಬರುವ ಹಿಂದಿನ ವಾರವಷ್ಟೇ, ಮೇಲೆ ಅಪೆನ್‌ಜೆಲ್ ಸೀಮೆಯ ಒಂದು ಹಳ್ಳಿಯಲ್ಲಿ, ರೋಸಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಬೆಳಿಗ್ಗೆ ಪುಟ್ಟ ರೈಲಿನಲ್ಲಿ ಇಳಿದು ಹೋಗುವುದು, ಸಂಜೆ ಹತ್ತಿ ಬರುವುದು.

ರೋಸಾ ಹುಡುಗಿಯಾಗಿದ್ದಾಗ ಯಾವುದೋ ಹೋಟೆಲಿನಲ್ಲಿ ಇಂಗ್ಲಿಷ್ ಪ್ರವಾಸಿಗರ ಕೋಣೆ ಗುಡಿಸುತ್ತಿದ್ದವರು. ಅವರ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಚೆನ್ನಾಗಿ ಹೊಂದಿತು, ಎರಡೂ ಅರ್ಧಂಬರ್ಧ. ಅವರ ಮಾತನ್ನು ನಾನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಬೀಳುತ್ತಿತ್ತು.

ಮರುದಿನವೇ ಅವರು ನನ್ನನ್ನು ಊರ ಕಚೇರಿಗೆ ಕರೆದುಕೊಂಡು ಹೋದರು. ಹೊಸಬರು ಬಂದರೆ ಹೆಸರು ಬರೆಸಬೇಕಂತೆ. ಗುಮಾಸ್ತರು ನನ್ನ ಹೆಸರು ಕೇಳಿದರು, ಹೇಳಿದೆ. ಊರು ಕೇಳಿದರು, ಹೇಳಿದೆ. ಗಂಡನ ಹೆಸರು ಕೇಳಿದರು. ನಾಲಿಗೆ ಏಳಲಿಲ್ಲ. ಹದಿನಾಲ್ಕು ವರ್ಷದಿಂದ "ಇವರು", "ನಮ್ಮವರು", "ಏನಂದ್ರೆ" ಎಂದೇ ನಡೆದ ಸಂಸಾರ ನನ್ನದು. ಇದ್ದಕ್ಕಿದ್ದ ಹಾಗೆ ಮೂಗಿಯಾದಳೇ ಎಂದು ಗುಮಾಸ್ತರು ರೋಸಾ ಮುಖ ನೋಡಿದರು. ಕೊನೆಗೆ ಅವರ ಕೈಯಿಂದ ಪೆನ್ಸಿಲು ತೆಗೆದುಕೊಂಡು ಬರೆದುಕೊಟ್ಟೆ.

ಐವತ್ತೇಳರ ಚುನಾವಣೆಯಲ್ಲಿ, ಜಯನಗರದ ಮತದಾನ ಮುಗಿದ ಮಾರನೆಯ ವಾರ, ನನಗೆ ಬಿಳೇಕಹಳ್ಳಿಯ ಹೆಂಗಸರ ಮತಗಟ್ಟೆಗೆ ಡ್ಯೂಟಿ ಬಿದ್ದಿತ್ತು. ಆವತ್ತು ಗಂಡನ ಹೆಸರು ಹೇಳದೆ ಸೆರಗು ಕಚ್ಚಿಕೊಂಡು ನಿಂತ ಒಬ್ಬೊಬ್ಬರಿಗೂ "ಹೆಸರು ಹೇಳಿದ್ರೆ ಬಾಯಿ ಸುಟ್ಟುಹೋಗುತ್ತೇನಮ್ಮ?" ಎಂದು ಗದರಿದವಳು ನಾನೇ. ಆ ಹೆಂಗಸರು ಈ ಕಚೇರಿಯಲ್ಲಿ ಇಲ್ಲದೆ ಹೋದದ್ದು ನನ್ನ ಪುಣ್ಯ.

ಗೋಡೆಯ ಮೇಲಿನ ಕತ್ತಿ

ನಮ್ಮ ಕೋಣೆಯ ಗೋಡೆಯ ಮೇಲೆ ಎರಡು ಮೊಳೆಗಳ ನಡುವೆ ಒಂದು ತೆಳ್ಳನೆಯ ಹಳೆಯ ಕತ್ತಿ ಅಡ್ಡಡ್ಡ ಕೂತಿತ್ತು. ಹೊರಗೆ ಸೋನೆ ಹಿಡಿದಿತ್ತು. ನಮ್ಮವರು ಸ್ನಾನ ಮುಗಿಸಿ ಬಂದು, ನೋಡಿದರು, ನೇರವಾಗಿದೆ, ಉದ್ದವಾಗಿದೆ, ಒಲೆಗೆ ಹತ್ತಿರವಾಗಿದೆ. ತಮ್ಮ ಒದ್ದೆ ಪಂಚೆಯನ್ನು ಅದರ ಮೇಲೆ ಹರಡಿಬಿಟ್ಟರು. ಇಂಜಿನಿಯರ ಕಣ್ಣು.

ಹಾಲು ತಂದ ರೋಸಾ ಬಾಗಿಲಲ್ಲೇ ನಿಂತರು. ಹಾಲಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಪಂಚೆಯನ್ನು ತೆಗೆದು ಅಂಚಿಗೆ ಅಂಚು ಸೇರಿಸಿ ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಏಪ್ರನ್ನಿನಿಂದ ಕತ್ತಿಯನ್ನು ತುದಿಯಿಂದ ತುದಿಗೆ ಒರೆಸಿದರು.

"ಇದು ಬಟ್ಟೆ ಒಣಗಿಸೋದಲ್ಲ," ಎಂದರು. "ಇದು ನಮ್ಮನೆಯವರ ಓಟು."

ನಮಗೆ ಅರ್ಥವಾಗಲಿಲ್ಲ. ಕೂರಿಸಿ ಕೇಳಿದ ಮೇಲೆ ತಿಳಿಯಿತು. ಆ ಸೀಮೆಯಲ್ಲಿ ಊರಿನ ತೀರ್ಮಾನಗಳೆಲ್ಲ ಬಯಲಿನಲ್ಲೇ ಆಗುತ್ತವೆ. ಮೇ ತಿಂಗಳ ಮೊದಲ ಭಾನುವಾರ ಊರಿನ ಗಂಡಸರೆಲ್ಲ ಕರಿ ಕೋಟು ಹಾಕಿ, ಸೊಂಟಕ್ಕೆ ಕತ್ತಿ ಕಟ್ಟಿ ಚರ್ಚಿನ ಮುಂದಿನ ಚೌಕದಲ್ಲಿ ನಿಲ್ಲುತ್ತಾರೆ. ಊರ ಮುಖ್ಯಸ್ಥರು ಒಂದೊಂದೇ ವಿಷಯ ಓದುತ್ತಾರೆ. ಬೇಕೆಂದವರು ಕೈ ಎತ್ತುತ್ತಾರೆ, ಬೇಡವೆಂದವರು ಆಮೇಲೆ ಎತ್ತುತ್ತಾರೆ. ಪೆಟ್ಟಿಗೆಯಿಲ್ಲ, ಪರದೆಯಿಲ್ಲ. ಕತ್ತಿಯೇ ಓಟಿನ ಚೀಟಿ. ತಾತನದು ಅಪ್ಪನಿಗೆ, ಅಪ್ಪನದು ಮಗನಿಗೆ.

"ಹೆಂಗಸರು?" ಎಂದೆ.

"ನಮಗೆಲ್ಲಿಂದ ಬರ್ಬೇಕು ಕತ್ತಿ? ಅವರು ಹೋಗಿ ಒಂಬತ್ತು ವರ್ಷ ಆಯ್ತು. ಮಗ ಇಲ್ಲ. ಪ್ರತಿ ವರ್ಷ ಎಣ್ಣೆ ಹಾಕಿ ಒರೆಸ್ತೀನಿ, ಅಲ್ಲೇ ಇಡ್ತೀನಿ."

ನಿಜ ಹೇಳುತ್ತೇನೆ, ಆಗ ನನಗಾದದ್ದು ಮರುಕವಲ್ಲ, ಜಂಬ. ಗಡಿಯಾರ ಮಾಡುವ ದೇಶ, ದನದ ಕೊಟ್ಟಿಗೆಗೂ ಕರೆಂಟು, ಆದರೆ ಹೆಂಗಸಿಗೆ ಓಟಿಲ್ಲ. ಹೆಬ್ಬೆಟ್ಟು ಒತ್ತುವ ಬಿಳೇಕಹಳ್ಳಿಯ ಮುನಿಯಮ್ಮನಿಗೆ ಇರುವುದು ಈ ರೋಸಾಗೆ ಇಲ್ಲ. ಊಟದ ಹೊತ್ತಿಗೆ ನನ್ನ ಮುಖ ನೋಡಿಯೇ ನಮ್ಮವರಿಗೆ ತಿಳಿದುಹೋಯಿತು.

"ಭಾಷಣ ಶುರು ಮಾಡ್ಬೇಡ ಕಣೇ," ಎಂದರು. "ನಾವಿರೋದು ಬಾಡಿಗೆ ಮನೇಲಿ."

ಸೋಮವಾರ

ಒಗೆಯುವ ಮನೆ ಚೌಕದ ಪಕ್ಕದಲ್ಲೇ ಇತ್ತು. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಹೆಂಚು, ನಡುವೆ ಉದ್ದನೆಯ ಕಲ್ಲಿನ ತೊಟ್ಟಿ. ಬೆಟ್ಟದ ಒರತೆಯ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಲೇ ಇರುತ್ತದೆ. ಮೂಲೆಯಲ್ಲಿ ನೀರು ಕಾಯಿಸುವ ಹಂಡೆ. ಸೋಮವಾರ, ಬುಧವಾರ ಊರಿನ ಹತ್ತು ಹನ್ನೆರಡು ಹೆಂಗಸರು ಅಲ್ಲಿ ಸೇರುತ್ತಾರೆ. ರೋಸಾ ಮಾತ್ರ ಭಾನುವಾರ ಬಿಟ್ಟು ಎಲ್ಲ ದಿನವೂ ಅಲ್ಲೇ. ಊರಿನ ಎರಡು ಹೋಟೆಲುಗಳ ಹಾಸಿಗೆ ಬಟ್ಟೆ, ಕೈಲಾಗದವರ ಮನೆಯ ಬಟ್ಟೆ, ಗಂಡಸರ ಗಂಜಿ ಹಾಕಿದ ಬಿಳಿ ಅಂಗಿ, ಎಲ್ಲವನ್ನೂ ಅವರೇ ಒಗೆದುಕೊಡುವುದು. ಅದೇ ಅವರ ಜೀವನ.

ಜಯನಗರದಲ್ಲಿ ಪ್ರತಿ ಮನೆಯ ಹಿಂದೆಯೂ ಒಗೆಯುವ ಕಲ್ಲು ಇರುತ್ತದೆ. ಇಲ್ಲಿ ಕಲ್ಲಿಲ್ಲ, ಗೆರೆ ಗೆರೆಯಿರುವ ಒಂದು ಹಲಗೆಯ ಮೇಲೆ ಮೆತ್ತಗೆ ಉಜ್ಜುತ್ತಾರೆ. ಹಾಗೆ ಉಜ್ಜಿದರೆ ನನಗೆ ಬಟ್ಟೆ ಒಗೆದಂತಾಗುವುದಿಲ್ಲ. ತೊಟ್ಟಿಯ ಅಂಚಿನ ಕಲ್ಲು ಗಟ್ಟಿಯಾಗಿ ಕಂಡಿತು. ನಮ್ಮವರ ಪಂಚೆಯನ್ನು ಸುತ್ತಿ ಎತ್ತಿ ಬಡಿದೆ. ಹೆಂಚಿನ ಕೆಳಗೆ ಅದು ಸಿಡಿಲು ಹೊಡೆದ ಹಾಗೆ ಕೇಳಿಸಿತು. ಹನ್ನೊಂದು ಜೊತೆ ಕೈ ನಿಂತುಹೋದವು. ಎದುರು ಹೋಟೆಲಿನಿಂದ ಇಬ್ಬರು ಗಂಡಸರು ಓಡಿಬಂದು, ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಇಣುಕಿದರು. ಅಲ್ಲಿಂದ ಮುಂದೆ ಊರಿನಲ್ಲಿ ನನಗೆ ಪರಿಚಯ ಬೇಕಾಗಲಿಲ್ಲ. ಸೀರೆಯಂತೂ ಅವರಿಗೆ ದೊಡ್ಡ ಆಟವಾಯಿತು. ಆ ತುದಿಯಲ್ಲಿ ಇಬ್ಬರು, ಈ ತುದಿಯಲ್ಲಿ ಇಬ್ಬರು ಹಿಡಿದು ಹಿಂಡಿ, ಇದಕ್ಕೆ ಕೊನೆಯಿದೆಯೋ ಇಲ್ಲವೋ ಎಂದು ಕೇಳಿದರು.

ನಗುನಗುತ್ತಲೇ ರೋಸಾ ನನಗೆ ವಿಷಯ ಹೇಳಿದರು. ಊರಿಗೆ ಬೆಂಕಿ ಆರಿಸುವ ಹೊಸ ಮೋಟಾರು ಪಂಪು ಬಂದಿದೆ. ಇಡಲು ಜಾಗವಿಲ್ಲ. ಈ ಮನೆಯನ್ನು ಕೆಡವಿ ಇಲ್ಲೇ ಪಂಪಿಗೆ ಒಂದು ಷೆಡ್ಡು ಕಟ್ಟಬೇಕೆಂದು ಈ ಭಾನುವಾರ ಸಭೆಗೆ ತರುತ್ತಿದ್ದಾರೆ.

"ಮತ್ತೆ ಒಗೆಯೋದೆಲ್ಲಿ?"

"ಮೆಷಿನ್ ಬಂದಿದ್ಯಲ್ಲ ಅಂತಾರೆ. ನಾಲ್ಕು ಮನೇಲಿ ಬಂದಿದೆ."

"ನೀವು?"

ಅವರು ಹಿಂಡುತ್ತಿದ್ದ ದುಪ್ಪಟಿಯನ್ನು ಪೂರ್ತಿ ಹಿಂಡಿದರು. "ಇದು ಹೋದ್ರೆ ಪಟ್ಟಣಕ್ಕೆ ಹೋಗ್ಬೇಕು, ತಂಗಿ ಮನೆಗೆ. ಅಲ್ಲಿ ಲಾಂಡ್ರೀಲಿ ಕೆಲಸ ಇರುತ್ತಂತೆ. ಐವತ್ತೆರಡು ವರ್ಷದೋಳನ್ನ ಕರೀತಾರೋ ಇಲ್ವೋ." ಊರು ಬಿಡುವ ಮಾತನ್ನು ಅವರು ಸೋಪು ಮುಗಿಯಿತು ಎನ್ನುವ ದನಿಯಲ್ಲಿ ಹೇಳಿದರು.

ಮಂಗಳವಾರ

ಹೋಟೆಲುಗಳೆರಡರ ವಿಷಯ ಹೇಳಬೇಕು. ಒಂದರ ಬೋರ್ಡಿನ ಮೇಲೆ ಕರಡಿ, ಇನ್ನೊಂದರ ಮೇಲೆ ಸಿಂಹ. ಹಸು ಸಾಕುವವರೆಲ್ಲ ಕರಡಿಯಲ್ಲಿ ಕೂರುತ್ತಾರೆ, ಕಸೂತಿಯವರು, ಅಂಗಡಿಯವರು ಸಿಂಹದಲ್ಲಿ. ಕರಡಿಯವರು ಬೇಕೆಂದದ್ದನ್ನು ಸಿಂಹದವರು ಬೇಡವೆನ್ನುತ್ತಾರೆ. ಯಾಕೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ.

ನನಗೆ ಇದು ಹೊಸದೆನಿಸಲಿಲ್ಲ. ಬಿಳೇಕಹಳ್ಳಿಯಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದಿತ್ತು. ಯಾವ ಕಾಲದಲ್ಲೋ ಕೆರೆ ನೀರು ಬಿಡುವ ಸರದಿಯಲ್ಲಿ ಜಗಳವಾಗಿತ್ತಂತೆ. ಮೇಲಿನ ಬೀದಿಯವರು ಸೈಕಲ್ಲಿನ ಪೆಟ್ಟಿಗೆ ಎಂದರೆ ಕೆಳಗಿನ ಬೀದಿಯವರು ತಕ್ಕಡಿಯ ಪೆಟ್ಟಿಗೆ. ಅಭ್ಯರ್ಥಿ ಯಾರೆಂದು ಎರಡು ಬೀದಿಯವರೂ ನೋಡಿರಲಿಲ್ಲ. ಪಕ್ಷ, ಸಿದ್ಧಾಂತ ಇವೆಲ್ಲ ಜಯನಗರದ ನಾವು ಕಾಫಿ ಕುಡಿಯುತ್ತ ಪೇಪರಿನಲ್ಲಿ ಓದುವ ಸಂಗತಿಗಳು. ಹಳ್ಳಿ ಓಟು ಹಾಕುವುದು ಎದುರು ಬೀದಿಯನ್ನು ನೋಡಿಕೊಂಡು.

ರೋಸಾ ದುರದೃಷ್ಟವೆಂದರೆ, ಈ ಸಲ ಕರಡಿಯೂ ಸಿಂಹವೂ ಒಂದಾಗಿಬಿಟ್ಟಿದ್ದವು. ಬೆಂಕಿಯ ಪಂಪು ಎಲ್ಲರಿಗೂ ಬೇಕು. ಷೆಡ್ಡು ಎಲ್ಲರಿಗೂ ಬೇಕು. ಯಾರೂ ರೋಸಾ ಮೇಲೆ ಹಗೆಯಿಂದ ಹೇಳುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿದಾಗ ಟೋಪಿ ತೆಗೆದು ನಮಸ್ಕಾರ ಮಾಡುತ್ತಿದ್ದರು. ಅವರ ಅಂಗಿಗಳು ರೋಸಾ ಬುಟ್ಟಿಯಲ್ಲೇ ಇದ್ದವು.

ಬುಧವಾರ

ಭಾಷಣ ಮಾಡಬೇಡ ಎಂದಿದ್ದರಲ್ಲ, ಮಾಡಿದೆ. ತೊಟ್ಟಿಯ ಬಳಿ ಇದ್ದ ಹೆಂಗಸರಿಗೆ ರೋಸಾ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಹೇಳಿದರು.

ನಾನು ಬಿಳೇಕಹಳ್ಳಿಯ ಕಥೆ ಹೇಳಿದೆ. ಆಗಿನ ಪದ್ಧತಿಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಚೀಟಿ ಹಿಡಿದು ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಬೇಕು. ಮೇಲಿನ ಬೀದಿಯ ಮುನಿಯಮ್ಮ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಏನಾಯಿತೋ ಎಂದು ನಾನು ಎದ್ದೆ. ಅಷ್ಟರಲ್ಲಿ ಪರದೆ ಸರಿಸಿ ಬಂದಳು, ಮುಖದ ತುಂಬ ನಗು. "ಒಳ್ಗೆ ಯಾರೂ ಇಲ್ಲ ಕಣಮ್ಮ, ನಾನೊಬ್ಳೇಯಾ," ಎಂದಳು. ಅತ್ತೆ, ಗಂಡ, ಮೈದುನ, ಯಾರಾದರೊಬ್ಬರು ಮುಂದೆಯೋ ಹಿಂದೆಯೋ ಇಲ್ಲದೆ ಆಕೆ ಎಲ್ಲೂ ನಿಂತವಳಲ್ಲ. ಆವತ್ತು ನಿಂತಿದ್ದಳು. ಯಾವ ಪೆಟ್ಟಿಗೆಗೆ ಹಾಕಿದಳೋ ದೇವರಿಗೇ ಗೊತ್ತು.

ಇದನ್ನು ನಾನು ಎಲ್ಲಿ ಹೇಳಿದರೂ ಕೇಳಿದವರ ಕಣ್ಣು ಅರಳುತ್ತದೆ. ಇಲ್ಲಿ ಅರಳಲಿಲ್ಲ. ಕರಡಿ ಹೋಟೆಲಿನ ಯಜಮಾನನ ಹೆಂಡತಿ ಮಾರ್ಥಾ, ದೊಡ್ಡ ಮೈಯ ಹೆಂಗಸು, ಹಲಗೆಯಿಂದ ಕೈ ತೆಗೆಯದೆ ಕೇಳಿದಳು: "ಅವಳು ಯಾರಿಗೆ ಹಾಕಿದ್ಲು ಅಂತ ಗಂಡನಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ. ಅದೇ ಅದರ ಬಲ."

"ಅವನು ಯಾರಿಗೆ ಹಾಕಿದ ಅಂತ ಅವಳಿಗೆ?"

"ಅವಳಿಗೂ ಗೊತ್ತಾಗಲ್ಲ."

"ಮತ್ತೆ ಅವನು ಮನೆಗೆ ಬಂದ್ಮೇಲೆ ಏನಂತ ಬೈಯ್ತಾಳೆ?" ಎಲ್ಲರೂ ನಕ್ಕರು. "ಓಟು ಬೇಡಮ್ಮ ನಮಗೆ. ಮನೆಗೆ ಒಂದು ಓಟು, ಒಂದು ಜಗಳ. ಎರಡಾದ್ರೆ ಅಡುಗೆ ಮಾಡೋರ್ಯಾರು?"

ನನಗೆ ರೇಗಿಹೋಯಿತು. ಮೇಷ್ಟ್ರ ಕೆಲಸ ಮಾಡುವವರಿಗೆ ತಮ್ಮ ಪಾಠ ಕೇಳಿ ಮಕ್ಕಳು ನಕ್ಕರೆ ಆಗುವ ರೇಗು. ಪಂಚೆ ತೆಗೆದುಕೊಂಡು ಎಂದಿಗಿಂತ ಜೋರಾಗಿ ಬಡಿದೆ. ರೋಸಾ ನಗುವವರ ಜೊತೆ ನಗಲೂ ಇಲ್ಲ, ನನ್ನ ಪರ ಮಾತಾಡಲೂ ಇಲ್ಲ. ನೀರಿನಲ್ಲಿ ಕೈ ಇಟ್ಟುಕೊಂಡು ಏನನ್ನೋ ಯೋಚಿಸುತ್ತಿದ್ದರು.

"ನಿಜ," ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. "ಇಲ್ಲಿ ಎಲ್ಲಾ ಕಾಣುತ್ತೆ."

ಶುಕ್ರವಾರ, ಶನಿವಾರ

ಆ ಎರಡು ದಿನ ರೋಸಾ ಸಭೆಯ ಅಂಗಿಗಳನ್ನು ಮನೆಮನೆಗೆ ಕೊಟ್ಟುಬಂದರು. ಸಭೆಗೆ ಗಂಜಿ ಹಾಕಿದ ಬಿಳಿ ಅಂಗಿ ಆಗಲೇಬೇಕು. ಕೈಗಾಡಿಯಲ್ಲಿ ಅಂಗಿಗಳನ್ನು ಸಾಲಾಗಿ ಮಲಗಿಸಿ ಅವರು ತಳ್ಳಿದರು, ಏರಿನಲ್ಲಿ ನಾನು ಹಿಂದಿನಿಂದ ನೂಕಿದೆ. ಒಂದೊಂದು ಬಾಗಿಲಲ್ಲೂ ಮನೆಯಾಕೆಯ ಕೈಗೆ ಅಂಗಿ ಕೊಟ್ಟು ಅವರು ಒಂದು ಮಾತು ಹೇಳುತ್ತಿದ್ದರು. ಎಲ್ಲ ಮನೆಯಲ್ಲೂ ಅದೇ ಮಾತು. ಕೆಲವರು ತಲೆದೂಗಿದರು, ಕೆಲವರು ಸುಮ್ಮನೆ ಅಂಗಿ ತೆಗೆದುಕೊಂಡರು. ಮಾರ್ಥಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ನೋಡಿದಳು.

"ಏನಂತ ಹೇಳ್ತಿದೀರಿ?" ಎಂದು ಕೇಳಿದೆ.

"ಭಾನುವಾರ ಚೌಕಕ್ಕೆ ಬಾ, ನಿನ್ನ ಗಂಡನಿಗೆ ಕಾಣೋ ಕಡೆ ನಿಂತ್ಕೋ ಅಂತ."

"ಒಗೆಯೋ ಮನೆ ವಿಷಯ?"

"ಅದೇನೂ ಹೇಳ್ಲಿಲ್ಲ."

ಇದರಲ್ಲೇನು ಹೆಚ್ಚು ಎಂದು ನನಗನಿಸಿತು. ಆಮೇಲೆ ತಿಳಿಯಿತು, ಆ ಸಭೆಗೆ ಹೆಂಗಸರು ಹೋಗುವ ವಾಡಿಕೆಯೇ ಇಲ್ಲ. ತಡೆಯುವವರಾರೂ ಇಲ್ಲ, ಆದರೆ ಹೋಗುವುದಿಲ್ಲ. ಸಭೆ ಮುಗಿಯುವ ಹೊತ್ತಿಗೆ ಮಾಂಸ ಬೆಂದಿರಬೇಕು, ಮೇಜು ಸಿದ್ಧವಾಗಿರಬೇಕು. ಒಲೆ ಬಿಟ್ಟು ಬಾ ಎಂದು ರೋಸಾ ಕೇಳಿದ್ದರು. ನಮ್ಮ ಕಡೆಯಾಗಿದ್ದರೆ ಒಂದು ಸಂಘ, ಒಬ್ಬರು ಅಧ್ಯಕ್ಷಿಣಿ, ಮೈಕು, ಮನವಿ ಪತ್ರ, ಎಲ್ಲ ಆಗಿರುತ್ತಿತ್ತು. ಬರುತ್ತಾರೆಯೇ ಎಂದು ಕೇಳಿದೆ. ರೋಸಾ ಗಾಡಿಯನ್ನು ಇಳಿಜಾರಿಗೆ ತಿರುಗಿಸಿ, "ಅಂಗಿ ಕೊಟ್ಟಾಯ್ತು," ಎಂದರು.

ಭಾನುವಾರ

ಬೆಳಿಗ್ಗೆ ಬಿಸಿಲು ಬಂತು. ನಮ್ಮವರೂ ನಾನೂ ಚೌಕದ ಹಗ್ಗದಾಚೆ ನಿಂತೆವು. ಕರಿ ಕೋಟು, ಬಿಳಿ ಕಾಲರು, ಸೊಂಟದಲ್ಲಿ ಕತ್ತಿ. ವಾರವಿಡೀ ಸಗಣಿ ಬಾಚುತ್ತಿದ್ದ ಅದೇ ಮನುಷ್ಯರು ಆವತ್ತು ನಾಟಕದ ರಾಜರ ಹಾಗೆ ಬೀಗಿಕೊಂಡು ನಿಂತಿದ್ದರು. ಚೆನ್ನಾಗಿ ಕಾಣುತ್ತಿದ್ದರು, ಇಲ್ಲವೆನ್ನಬಾರದು. ಹೆಂಗಸರು ಯಾರೂ ಇರಲಿಲ್ಲ. ಹಿಂದಿನ ವರ್ಷದ ವಿಷಯಗಳು ಓದಿ ಮುಗಿದವು, ರಸ್ತೆ ಮುಗಿಯಿತು, ಕಾಡು ಮುಗಿಯಿತು. ನಾನು ಗಲ್ಲಿಗಳ ಕಡೆಗೇ ನೋಡುತ್ತಿದ್ದೆ.

"ಅಡುಗೆ ಬಿಟ್ಟು ಬರೋಲ್ಲ ಬಿಡು," ಎಂದರು ನಮ್ಮವರು ಮೆತ್ತಗೆ.

ಆಗ ಕರಡಿ ಹೋಟೆಲಿನ ಬಾಗಿಲು ತೆರೆದು ಮಾರ್ಥಾ ಬಂದಳು. ಕೈಯಲ್ಲಿ ಸೌಟು. ಯಾರ ಮುಖವನ್ನೂ ನೋಡದೆ ಚರ್ಚಿನ ಮೆಟ್ಟಿಲು ಹತ್ತಿ, ಮೇಲಿನ ಮೆಟ್ಟಿಲ ಮೇಲೆ ನಿಂತಳು. ಅವಳ ಹಿಂದೆ ಸಿಂಹದಾಕೆ. ಆಮೇಲೆ ಗಲ್ಲಿಗಲ್ಲಿಯಿಂದ ಒಬ್ಬೊಬ್ಬರಾಗಿ ಬಂದರು. ಏಪ್ರನ್ನೂ ಬಿಚ್ಚಿರಲಿಲ್ಲ. ಗೋಡೆಯ ಬಳಿ, ನೀರಿನ ಕಾರಂಜಿಯ ಬಳಿ, ಅಂಗಡಿಯ ಕಟ್ಟೆಯ ಮೇಲೆ, ಒಬ್ಬೊಬ್ಬಳೂ ತನ್ನ ಗಂಡಸು ಎಲ್ಲಿದ್ದಾನೆಂದು ನೋಡಿಕೊಂಡು, ಅವನಿಗೆ ನೇರವಾಗಿ ಕಾಣುವ ಜಾಗ ಹಿಡಿದಳು. ಗಂಡಸರಲ್ಲಿ ಸಣ್ಣ ಗುಸುಗುಸು ಎದ್ದಿತು. ಮನೆಯಲ್ಲಿ ಮಾಂಸ ಸೀಯುತ್ತಿರಬಹುದೆಂಬ ಯೋಚನೆ ಎಲ್ಲರ ಮುಖದ ಮೇಲೂ ಹಾದುಹೋಯಿತು.

ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು ಒಗೆಯುವ ಮನೆಯ ವಿಷಯ ಓದಿದರು. ಕೆಡವಿ ಷೆಡ್ಡು ಕಟ್ಟಬೇಕೆನ್ನುವವರು ಕೈ ಎತ್ತಬಹುದು.

ಕೈಗಳು ಎದ್ದವು. ಭುಜದ ತನಕ ಎದ್ದವು. ಅಲ್ಲಿ ಏನಾಯಿತೋ ಏನೋ, ಒಂದು ಕೈ ಕಿವಿ ಕೆರೆದುಕೊಳ್ಳಲು ಹೋಯಿತು. ಇನ್ನೊಂದು ಟೋಪಿ ಸರಿಮಾಡಿತು. ಕರಡಿಯ ಯಜಮಾನ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಚರ್ಚಿನ ಮೆಟ್ಟಿಲ ಕಡೆ ನೋಡಿದ. ಮಾರ್ಥಾ ಸೌಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದಳು, ಅಷ್ಟೇ. ಅವನ ಕೈ ಕೆಳಗೆ ಬಂದು ಕೋಟಿನ ಜೇಬು ಸೇರಿತು. ನಮ್ಮವರು ನಗು ತಡೆಯಲಾರದೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಬೇಡವೆನ್ನುವವರು ಕೈ ಎತ್ತಿ ಎಂದಾಗ ಚೌಕ ತುಂಬ ಕೈ. ಎಣಿಸುವ ಕೆಲಸವೇ ಇರಲಿಲ್ಲ. ಪಂಪನ್ನು ತನ್ನ ಗಾಡಿ ಕೊಟ್ಟಿಗೆಯಲ್ಲಿ ಇಡಬಹುದೆಂದು ಕರಡಿಯ ಯಜಮಾನನೇ ಮುಂದೆ ಬಂದು ಹೇಳಿದ. ಗುಟ್ಟಿನ ಓಟೇ ಹೆಂಗಸಿನ ಬಲವೆಂದು ನಾನು ಬುಧವಾರ ಪಾಠ ಮಾಡಿದ್ದೆ. ಇಲ್ಲಿ ಗುಟ್ಟು ಇದ್ದಿದ್ದರೆ ಆ ಮನೆ ಉಳಿಯುತ್ತಿರಲಿಲ್ಲ. ನನ್ನ ಪಾಠ ತಪ್ಪಾಯಿತೆಂದು ಬೇಸರವಾಗಲಿಲ್ಲ, ಕುಣಿಯುವಷ್ಟು ಸಂತೋಷವಾಯಿತು.

ಅದೇ ಭಾನುವಾರ, ತೊಟ್ಟಿಯ ಬಳಿ

ರೋಸಾ ಚೌಕಕ್ಕೆ ಬಂದಿರಲೇ ಇಲ್ಲ. ಓಡಿಹೋಗಿ ನೋಡಿದೆ. ಒಗೆಯುವ ಮನೆಯಲ್ಲಿ ತೊಟ್ಟಿಯ ಅಂಚಿನ ಮೇಲೆ ಒಬ್ಬರೇ ಕೂತಿದ್ದರು. ಭಾನುವಾರದ ಒಳ್ಳೆಯ ಬಟ್ಟೆ ಹಾಕಿದ್ದರು. ಹಂಡೆಯಲ್ಲಿ ಬೆಂಕಿಯಿರಲಿಲ್ಲ.

"ಉಳೀತು," ಎಂದೆ. "ಉಳೀತು ರೋಸಾ. ನೀವ್ಯಾಕೆ ಬರ್ಲಿಲ್ಲ?"

"ನಾನು ಬಂದು ಯಾರನ್ನ ನೋಡ್ಲಿ?" ಎಂದರು. ಆಮೇಲೆ ಏಪ್ರನ್ನಿಲ್ಲದ ಮಡಿಲನ್ನು ಒಮ್ಮೆ ಸವರಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಇಬ್ಬರೂ ಒಳ್ಳೆಯ ಸಮಾಧಾನದಲ್ಲೇ ಅತ್ತೆವು.

ಕಣ್ಣೊರೆಸಿಕೊಂಡು ರೋಸಾ ಕೇಳಿದರು: "ನಿಮ್ಮೂರಲ್ಲಿ ನೀನೂ ಓಟು ಹಾಕಿದೀಯ ಅಲ್ವಾ ಕಮಲಾ? ಎಷ್ಟು ಸಲ?"

"ಎರಡು ಸಲ."

"ಯಾರಿಗೆ ಹಾಕ್ದೆ?"

ಸುಳ್ಳು ಹೇಳಬಹುದಿತ್ತು. ಅಷ್ಟು ಅತ್ತ ಮೇಲೆ ಬಾಯಿ ಬರಲಿಲ್ಲ. ನಮ್ಮ ಮಾವನವರು ನಿವೃತ್ತ ಪೋಸ್ಟ್ ಮಾಸ್ಟರು, ಬಹಳ ಒಳ್ಳೆಯವರು. ಚುನಾವಣೆಯ ಹಿಂದಿನ ದಿನ ಊಟಕ್ಕೆ ಕೂತಾಗ, ಮಜ್ಜಿಗೆ ಬಡಿಸಿಕೊಂಡು, "ನಾಳೆ ನಮ್ಮನೆ ಐದು ಓಟೂ ಒಂದೇ ಕಡೆ ಬೀಳ್ಬೇಕು, ಚದುರಿಸ್ಬೇಡಿ," ಎಂದು ಗುರುತು ಹೇಳುತ್ತಾರೆ. ನಾವು ಐವರೂ ಹೋಗಿ ಹಾಗೆಯೇ ಹಾಕಿ ಬರುತ್ತೇವೆ. ಎರಡು ಸಲವೂ ನನ್ನ ಮನಸ್ಸು ಬೇರೆ ಕಡೆ ಇತ್ತು. ಎರಡು ಸಲವೂ ಅವರು ಹೇಳಿದ ಕಡೆಗೇ ಹಾಕಿದೆ. ಇದನ್ನು ರೋಸಾಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ನನ್ನ ಮುಖವನ್ನು ನೋಡಿದರು. ಬೈಯಲಿಲ್ಲ, ನಗಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಒಳಗೆ ನೀನೊಬ್ಳೇ ಇದ್ದೆ ಅಲ್ವಾ?" ಎಂದರು.

ತೊಟ್ಟಿಯ ನೀರು ಹರಿಯುತ್ತಲೇ ಇತ್ತು. ಎದ್ದು ಮನೆಗೆ ಹೋಗಿ ಇಬ್ಬರೂ ಸೂಪು ಕುಡಿದೆವು.

ಜಯನಗರ

ವಾಪಸು ಬಂದ ಮೇಲೆ ನಾಲ್ಕು ವರ್ಷ ಹಾಗೇ ಕಳೆಯಿತು. ಮೊನ್ನೆಯ ಚುನಾವಣೆಗೆ ನನಗೆ ಡ್ಯೂಟಿ ಬೀಳಲಿಲ್ಲ. ಹಿಂದಿನ ದಿನ ಮಾವನವರು ಮಜ್ಜಿಗೆ ಬಡಿಸಿಕೊಂಡು ಎಂದಿನಂತೆ ಹೇಳಿದರು. ಅವರಿಗೆ ಈಗ ಕಣ್ಣು ಮಂಜು. ಪೇಪರನ್ನು ನಾನೇ ಓದಿ ಹೇಳುತ್ತೇನೆ. ನಾನು ಓದಿ ಹೇಳಿದ್ದನ್ನೇ ಕೇಳಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು, ಅದನ್ನೇ ಓದಿ ನಾನು ಇನ್ನೊಂದಕ್ಕೆ ಬಂದಿದ್ದೆ.

ನಮ್ಮ ಬ್ಲಾಕಿನ ಶಾಲೆಯಲ್ಲೇ ಮತಗಟ್ಟೆ. ಬೆರಳಿಗೆ ಮಸಿ ಹಚ್ಚಿಸಿಕೊಂಡು ಚೀಟಿ ಹಿಡಿದು ರಟ್ಟಿನ ಮರೆಗೆ ಹೋದೆ. ಈಗ ಒಂದೇ ಪೆಟ್ಟಿಗೆ, ಗುರುತಿನ ಮುಂದೆ ಮುದ್ರೆ ಒತ್ತಬೇಕು. ದಿನಾ ಮಕ್ಕಳ ಉತ್ತರಗಳ ಮೇಲೆ ಸರಿ ತಪ್ಪು ಹಾಕುವ ಕೈ ಅಲ್ಲಿ ಮುದ್ರೆಯನ್ನು ಎರಡೆರಡು ಸಲ ಮಸಿಗೆ ಅದ್ದಿತು. ಒತ್ತಿದೆ. ಮಡಿಸಿದೆ. ಹಾಕಿದೆ.

ಬರುವಾಗ ದಾರಿಯಲ್ಲಿ ನಮ್ಮವರು, "ಅಪ್ಪ ಹೇಳಿದ್ದೇ ತಾನೆ?" ಎಂದರು.

"ಬಿಸಿಲು ಈಗ್ಲೇ ಜಾಸ್ತಿಯಾಗಿದೆ ಅಲ್ವಾ?" ಎಂದೆ.

ಅವರು ಒಮ್ಮೆ ನನ್ನ ಕಡೆ ನೋಡಿ ನಕ್ಕರು. ಅವರದು ಯಾವುದೆಂದು ನಾನೂ ಕೇಳಲಿಲ್ಲ. ಊಟದ ಹೊತ್ತಿಗೆ ಮಾವನವರು, "ಎಲ್ಲಾ ಸರಿಯಾಗಿ ಆಯ್ತೇನಮ್ಮ?" ಎಂದರು. "ಆಯ್ತು ಮಾವ, ಬಹಳ ಸರಿಯಾಗಿ ಆಯ್ತು," ಎಂದೆ. ಅನ್ನ ಎರಡನೆಯ ಸಲ ಬಡಿಸಿಕೊಂಡೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಮಾವನವರಿಗೆ ನಾನೇ ಓದಿ ಹೇಳಿದೆ. "ಐದರಲ್ಲಿ ಒಂದು ತಾನೆ, ಹೋಗ್ಲಿ," ಎಂದರು. ಒತ್ತಿದ ಗುರುತು ಯಾವುದೆಂದು ಮಾತ್ರ ಅವರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ.

ಒಬ್ಬರಿಗೆ ಮಾತ್ರ ಬರೆದೆ. ಯಾರಿಗೆ ಹಾಕಿದೆ, ಯಾಕೆ ಹಾಕಿದೆ, ಮಾವನವರ ಮಾತು ಯಾಕೆ ಮೀರಿದೆ, ಎಲ್ಲವನ್ನೂ ಎರಡು ಹಾಳೆ ತುಂಬ ಬರೆದು ರೋಸಾಗೆ ಕಳಿಸಿದೆ. ಹೋದ ವಾರ ಉತ್ತರ ಬಂತು.

"ನಿನ್ನ ಕಾಗದ ಬಂತು ಕಮಲಾ. ತಪ್ಪು ತಿಳ್ಕೋಬೇಡ, ಒಗೆಯೋ ಮನೇಲಿ ಎಲ್ಲರಿಗೂ ಓದಿ ಹೇಳಿದೆ. ಮನೆ ಹಿರಿಯರ ಮಾತು ಮೀರಿದ್ದು ತಪ್ಪು ಅಂತ ಕೆಲವರು, ಸರಿ ಅಂತ ಕೆಲವರು. ಸೋಮವಾರ ಶುರುವಾದ ಜಗಳ ಬುಧವಾರವಾದ್ರೂ ಮುಗೀಲಿಲ್ಲ. ಕೊನೆಗೆ ಹಂಡೆಯ ಮೂಲೆಗೆ ಅಡ್ಡಲಾಗಿ ಒಂದು ದುಪ್ಪಟಿ ಕಟ್ಟಿ, ಹಿಂದೆ ಎರಡು ಬಕೆಟ್ ಇಟ್ವಿ. ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಕ್ಲಿಪ್ಪು. ಹನ್ನೆರಡು ಜನಾನೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದ್ವಿ. ನಿಂದು ಸರಿ ಅಂದೋರು ಐದು, ತಪ್ಪು ಅಂದೋರು ಏಳು. ನೀನು ಸೋತೆ. ಯಾರ ಕ್ಲಿಪ್ಪು ಎಲ್ಲಿ ಬಿತ್ತು ಅಂತ ಯಾರಿಗೂ ಗೊತ್ತಿಲ್ಲ. ಮಾರ್ಥಾ ದಿನಾ ಬಂದು ನನ್ನದು ಯಾವುದು ಅಂತ ಕೇಳ್ತಾಳೆ, ನಾನು ಹೇಳಿಲ್ಲ. ನೀನೂ ಕೇಳ್ಬೇಡ."

ನಾನು ಕೇಳಿಲ್ಲ.